ಗೆರೆ ದಾಟಿದ ಕೆಂಪು

ಮುಖದ ನರ ಸೋತಿದೆಯೋ ಇಲ್ಲವೋ ನೋಡಲು ಬೇರೆ ಊರಿನ ಡಾಕ್ಟರುಗಳು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಕಡೆ, ಅಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ, ರೋಗಿ ಆ ಪರೀಕ್ಷೆಯ ಸಾಮಾನನ್ನು ಹಣೆಗೆ ಹಚ್ಚಿಕೊಂಡೇ ಬರುತ್ತಾನೆ. ಬೆಳಗ್ಗೆ ಸ್ನಾನ ಮಾಡಿ ಎಳೆದುಕೊಂಡ ವಿಭೂತಿಯ ಮೂರು ಪಟ್ಟೆ. "ಹುಬ್ಬ ಮ್ಯಾಲ ಎತ್ರಿ" ಎಂದರೆ ಸಾಕು. ನರ ಚೆನ್ನಾಗಿರುವ ಕಡೆ ಹಣೆ ಸುಕ್ಕುಗಟ್ಟಿ ವಿಭೂತಿ ಬಿರಿಯುತ್ತದೆ. ನರ ಸೋತ ಕಡೆ ಪಟ್ಟೆಗಳು ಎಳೆದ ಹಾಗೆಯೇ ಉಳಿಯುತ್ತವೆ. ಇದಕ್ಕೆ ಕರೆಂಟು ಬೇಡ, ಸ್ಕ್ಯಾನು ಬೇಡ.

ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಸಿಶಿಯನ್ ಆಗಿ ಆಯುಷ್ಯ ಕಳೆದು ಈಗ ಬೈಲಹೊಂಗಲದ ಮನೆಯಲ್ಲಿ ಕುಳಿತಿದ್ದೇನೆ. ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಆಗಾಗ ಬಂದು, ಸಣ್ಣ ಊರಿನಲ್ಲಿ ದೊಡ್ಡ ರೋಗ ಹೇಗೆ ಹಿಡಿಯುವುದು ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಆ ಶಾಲುಗಳಲ್ಲಿ ಒಂದನ್ನು ನನ್ನ ಸೊಸೆ ಇಸ್ತ್ರಿ ಮೇಜಿಗೆ ಹಾಸಿದ್ದಾಳೆ, ಚೆನ್ನಾಗಿ ಉಪಯೋಗಕ್ಕೆ ಬಂದಿದೆ.

ವಿಭೂತಿಯ ಉಪಾಯ ಹೇಳಿಕೊಟ್ಟವರು ನನ್ನ ಮೊದಲ ಮೇಲಧಿಕಾರಿ ದೇಸಾಯಿ ಸರ್. ರಾಮದುರ್ಗದ ಕಡೆ ನನಗೆ ಮೊದಲ ನೌಕರಿ. ಸರ್ ಮಹಾ ಸಿಡುಕರು. ಅವರ ಒಂದು ನಿಯಮ ಇಡೀ ಆಸ್ಪತ್ರೆಗೆ ಬಾಯಿಪಾಠವಾಗಿತ್ತು: ರೋಗಿಯನ್ನು ಮುಟ್ಟುವ ಮೊದಲು ತೊಳೆಯಬೇಕು. ನಮ್ಮ ಜನ ಆಸ್ಪತ್ರೆಗೆ ಬರುವ ಮೊದಲು ಮನೆಯಲ್ಲಿ ಅರಿಷಿಣ, ಸುಣ್ಣ, ಎಲೆಯ ರಸ, ಗುಡಿಯಿಂದ ತಂದ ಭಂಡಾರ ಎಲ್ಲವನ್ನೂ ಹಚ್ಚಿ ನೋಡಿರುತ್ತಾರೆ. ಅದರ ಕೆಳಗೆ ಇರುವುದು ಗಾಯವೋ, ಗುಳ್ಳೆಯೋ, ಬಾವೋ ತಿಳಿಯುವುದಿಲ್ಲ.

"ಮೊದಲ ತೊಳೀರಿ, ಆಮ್ಯಾಲೆ ನೋಡ್ರಿ, ಕಡೀಕ ಮಾತಾಡ್ರಿ," ಎನ್ನುತ್ತಿದ್ದರು. "ಹಣಿ ಮ್ಯಾಲಿನ ವಿಭೂತಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಅದು ಅವರಿಗೆ ದೇವರು, ನಮಗ ಔಜಾರ."

ಔಜಾರ ಅಂದರೆ ಉಪಕರಣ; ಅದನ್ನು ನಾನು ಮೊದಲು ಬಳಸಿದ್ದು ಸುರೇಬಾನದ ಒಬ್ಬ ಬಸ್ ಕಂಡಕ್ಟರನ ಮೇಲೆ. ಬಾಯಿ ಒಂದು ಕಡೆ ಸೊಟ್ಟಗಾಗಿ, ಕುಡಿದ ಚಹಾ ಅಂಗಿಯ ಮೇಲೆ ಸುರಿಯುತ್ತಿತ್ತು. ಲಕ್ವಾ ಹೊಡೆದಿದೆ ಎಂದು ಮನೆಯವರು ಅಳುತ್ತ ಜೀಪು ಗೊತ್ತು ಮಾಡಿ ದೊಡ್ಡ ಊರಿಗೆ ಹೊರಟಿದ್ದರು. ನಾನು ಹುಬ್ಬು ಎತ್ತಿಸಿದೆ. ಒಂದು ಕಡೆ ವಿಭೂತಿ ಬಿರಿಯಿತು, ಇನ್ನೊಂದು ಕಡೆ ಬಿರಿಯಲಿಲ್ಲ. ಹೊಸಬರು ಇದನ್ನು ನೆನಪಿಡಬೇಕು. ಪೆಟ್ಟು ಮಿದುಳಿಗೆ ಬಿದ್ದಿದ್ದರೆ ಬಾಯಿ ಸೊಟ್ಟಗಾದರೂ ಹಣೆ ಸಾಮಾನ್ಯವಾಗಿ ಉಳಿಯುತ್ತದೆ. ಹಣೆಯೂ ಹೋಗಿದ್ದರೆ ತಪ್ಪು ಮುಖಕ್ಕೆ ಬರುವ ನರದ್ದು. ಕೈಕಾಲು, ಮಾತು, ಕಿವಿ ಎಲ್ಲ ನೋಡಿ, ಜೀಪು ಬೇಡ ಎಂದು ಹೇಳಿ, ಗುಳಿಗೆ ಕೊಟ್ಟೆ. ಕೆಲವು ವಾರಗಳ ಮೇಲೆ ಆತ ಆಸ್ಪತ್ರೆಗೆ ಬಂದು ನನ್ನ ಬಾಗಿಲ ಮುಂದೆ ನಿಂತು ಬಸ್ಸಿಗೆ ಹೊಡೆಯುವ ಸೀಟಿಯನ್ನೇ ಬಾಯಿಂದ ಹೊಡೆದ. ರೋಗಿಗಳೆಲ್ಲ ಬಸ್ಸು ಬಂತೆಂದು ಎದ್ದು ನಿಂತರು. ಅಂದಿನಿಂದ ಮುಖದ ನರ ನೋಡುವಾಗ ಸೀಟಿ ಹೊಡೆಸುವುದೂ ನನಗೆ ರೂಢಿಯಾಯಿತು. ತುಟಿಯ ಸ್ನಾಯು ಕೂಡಿ ಬರದೆ ಸೀಟಿ ಬರುವುದಿಲ್ಲ.

ಆ ದಿನಗಳಲ್ಲೇ ಒಮ್ಮೆ ಪುಸ್ತಕದಲ್ಲಿ ಲೈಮ್ ರೋಗದ ಬಗ್ಗೆ ಓದಿ ಸರ್ ಅವರನ್ನು ಕೇಳಿದ್ದೆ. ಉಣ್ಣಿ ಕಚ್ಚಿ ಬರುವ ರೋಗ. ಮೊದಲು ಚರ್ಮದ ಮೇಲೆ ಕೆಂಪು ವರ್ತುಲ, ಆಮೇಲೆ ಕೆಲವರಿಗೆ ನರಗಳಿಗೆ ಇಳಿದು ಬೆನ್ನಿನ ನೋವು, ತಲೆನೋವು, ಮುಖದ ಸೋಲು. ಸರ್ ಪುಸ್ತಕ ಮುಚ್ಚಿದರು.

"ಪರದೇಶದ ರೋಗ ಅದ. ಪರೀಕ್ಷಾದಾಗ ಬಂದ್ರ ಬರೀರಿ, ನಮ್ಮ ದವಾಖಾನ್ಯಾಗ ಹುಡುಕಬ್ಯಾಡ್ರಿ."

ನಾನೂ ಹುಡುಕಲಿಲ್ಲ. ಊರು ಬದಲಾಯಿತು, ಆಸ್ಪತ್ರೆ ಬದಲಾಯಿತು, ಕೂದಲು ಬೆಳ್ಳಗಾಯಿತು, ಪ್ರಯೋಗಾಲಯದ ವರದಿ ಮೊಬೈಲಿಗೆ ಬರುವ ಕಾಲ ಬಂತು. ಆ ಪುಟ ಮಾತ್ರ ಮುಚ್ಚಿದ ಹಾಗೆಯೇ ಇತ್ತು. ಅದನ್ನು ತೆರೆಸಿದವಳು ಸಿರಸಂಗಿಯ ಶೈಲಜಾ.

ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಉಳಿದಿತ್ತು. ನಾನಿದ್ದ ಆಸ್ಪತ್ರೆಯ ಊರು ಯಾವುದೆಂದು ಹೇಳುವುದಿಲ್ಲ, ಅಲ್ಲಿನವರು ಇನ್ನೂ ನನ್ನ ಮನೆಗೆ ಬಂದು ಹೋಗುತ್ತಾರೆ, ಆ ಸ್ನೇಹ ಹಾಗೆಯೇ ಇರಲಿ. ಶೈಲಜಾ ಸಿರಸಂಗಿಯ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಗೆ ಕಲಿಸುವವಳು. ಮೂವತ್ತರ ಆಸುಪಾಸು. ಜೊತೆಗೆ ಬಂದವಳು ಅವಳ ಅತ್ತೆ ನೀಲವ್ವ. ಇಳಕಲ್ ಸೀರೆ, ಗಟ್ಟಿ ಧ್ವನಿ, ಹೊಲಮನೆಯನ್ನೆಲ್ಲ ಒಬ್ಬಳೇ ನಡೆಸಿದ ಹೆಂಗಸಿನ ನಿಲುವು. ಹೆಣ್ಣು ಡಾಕ್ಟರನ್ನು ನಮ್ಮ ಕಡೆ ಬಾಯಾರ ಎಂದೇ ಕರೆಯುತ್ತಾರೆ. ರೋಗಿ ಬಾಯಿ ತೆರೆಯುವ ಮೊದಲೇ ಅತ್ತೆಯ ಫಿರ್ಯಾದು ಸುರುವಾಯಿತು.

"ಬಾಯಾರ, ಇಕಿಗೆ ಏನಾಗೇತಿ ನೋಡ್ರಿ. ಬೆನ್ನ ಬ್ಯಾನಿ, ತಲಿ ಬ್ಯಾನಿ ಅಂತ ರಾತ್ರಿ ಮಲಗಾಂಗಿಲ್ಲ. ಅದು ಖರೇ ಇರಬಹುದು. ಆದ್ರ ಪಂಚಮಿಗೆ ತವರಮನಿಗೆ ಹೋಗಿಬಂದು ಇತ್ತಿತ್ತಲಾಗ ಈ ಮಾರಿ ನೋಡ್ರಿ. ನಗಂಗಿಲ್ಲ, ಸಿಟ್ಟಾಗಂಗಿಲ್ಲ. ಬಿಗದುಕೊಂಡು ಕುಂತಾಳ. ಗ್ವಾಡಿ ಕೂಡ ಮಾತಾಡಿದಂಗ ಆಗತೈತಿ ನನಗ. ತವರಾಗ ಏನ್ ಕಿವಿ ಊದಿ ಕಳಸ್ಯಾರೋ ಏನೋ."

ಶೈಲಜಾ ಸೆರಗಿನಿಂದ ಕೆನ್ನೆ ಒರೆಸಿಕೊಳ್ಳುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ಅಳು ಇರಲಿಲ್ಲ. ಅದನ್ನು ನೋಡಿ ನನಗೆ ಕಸಿವಿಸಿಯಾಯಿತು.

ನನಗಿಂತ ಮೊದಲು ಅವಳನ್ನು ನೋಡಿದ್ದ ಡಾಕ್ಟರ್ ಸುಮಾ, ಆಗಷ್ಟೇ ಸೇರಿದ ಬುದ್ಧಿವಂತೆ, ಚೀಟಿಯ ಮೇಲೆ ಬರೆದಿದ್ದಳು: ಬೆನ್ನಿನಿಂದ ಹೊಟ್ಟೆಯ ಕಡೆ ಸುತ್ತಿ ಬರುವ ಉರಿನೋವು, ಕುತ್ತಿಗೆ ಸ್ವಲ್ಪ ಬಿಗಿ, ಇತ್ತೀಚೆಗೆ ಸರ್ಪಸುತ್ತು ಆಗಿತ್ತು, ಮುಖ ಸರಿಯಿದೆ.

"ಮುಖ ಸರಿ ಐತೇನವಾ?" ಎಂದೆ.

"ಎರಡೂ ಕಡೆ ಒಂದೇ ತರ ಇದೆ ಮೇಡಂ. ಸೊಟ್ಟ ಇಲ್ಲ," ಎಂದಳು ಸುಮಾ.

ನಾನು ಶೈಲಜಾಳ ಎದುರು ಕುರ್ಚಿ ಎಳೆದು ಕುಳಿತೆ. ಹಣೆಯ ಮೇಲೆ ಕುಂಕುಮದ ಮೇಲ್ಗಡೆ ತೆಳ್ಳಗೆ ಮೂರು ಪಟ್ಟೆ ವಿಭೂತಿ. "ಹುಬ್ಬ ಮ್ಯಾಲ ಎತ್ತವಾ." ಕಣ್ಣುಗುಡ್ಡೆ ಮಾತ್ರ ಮೇಲೆ ಹೋಯಿತು. ವಿಭೂತಿ ಎಡಗಡೆಯೂ ಬಿರಿಯಲಿಲ್ಲ, ಬಲಗಡೆಯೂ ಬಿರಿಯಲಿಲ್ಲ. "ಕಣ್ಣ ಗಟ್ಟಿ ಮುಚ್ಚು." ರೆಪ್ಪೆ ಅರ್ಧಕ್ಕೆ ಇಳಿದು ನಿಂತು, ಎರಡೂ ಕಣ್ಣಿನಲ್ಲಿ ಬಿಳಿ ಕಾಣಿಸಿತು. ಹಾಗೆ ತೆರೆದೇ ಇದ್ದ ಕಣ್ಣಿಗೆ ಗಾಳಿ ಧೂಳು ಹೊಡೆದು ನೀರು ಸುರಿಯುತ್ತಿತ್ತು. ಅತ್ತದ್ದೆಷ್ಟೋ, ಕಣ್ಣು ಉರಿದದ್ದೆಷ್ಟೋ.

"ಸೀಟಿ ಹೊಡಿ, ನೋಡೋಣ."

ನೀಲವ್ವ ಎದ್ದೇ ನಿಂತಳು. "ಏನ್ ಹೇಳತೀರಿ ಬಾಯಾರ? ಹೆಣ್ಣಮಕ್ಕಳು ಸೀಟಿ ಹೊಡಿತಾರೇನ್ರಿ? ಅದೂ ಸಾಲಿ ಅಕ್ಕೋರು. ನಾಕ ಮಂದಿ ಕೇಳಿದ್ರ ನಮ್ಮ ಮನಿತನದ ಮರ್ಯಾದಿ ಉಳಿತೈತೇನ್ರಿ?"

"ಮರ್ಯಾದಿ ಆಮ್ಯಾಲೆ ನೋಡೋಣು ನೀಲವ್ವಾರ. ಕುಂತ್ಕೊಳ್ರಿ."

ಶೈಲಜಾ ಪ್ರಯತ್ನಿಸಿದಳು. ತುಟಿಗಳು ಕೂಡಲಿಲ್ಲ. ಬರಿ ಉಸಿರು ಹೊರಗೆ ಬಂತು. ಮುಖದ ಎರಡೂ ಕಡೆಯ ನರಗಳು ಸೋತಿದ್ದವು. ಒಂದು ಕಡೆ ಸೋತರೆ ಮುಖ ಸೊಟ್ಟಗಾಗುತ್ತದೆ, ದಾರಿಹೋಕರಿಗೂ ತಿಳಿಯುತ್ತದೆ. ಎರಡೂ ಕಡೆ ಸೋತರೆ ಮುಖ ನೆಟ್ಟಗೇ ಇರುತ್ತದೆ, ಡಾಕ್ಟರಿಗೆ ಸರಿಯಾಗಿ ಕಾಣುತ್ತದೆ, ಅತ್ತೆಗೆ ಮುನಿಸಿನಿಂದ ಸೆಟಗೊಂಡಂತೆ ಕಾಣುತ್ತದೆ.

"ನಿಮ್ಮ ಸೊಸಿ ಬಿಗದುಕೊಂಡು ಕುಂತಿಲ್ರಿ," ಎಂದೆ. "ನಗಬೇಕಂದ್ರೂ ಅಕಿಗೆ ನಗಾಕ ಬರವಲ್ದು. ನರ ಸೋತಾವ."

ನೀಲವ್ವ ಸೊಸೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಶೈಲಜಾ ಆಗ ಮಾತಾಡಿದಳು. ಪ, ಬ, ಮ ಅವಳ ಬಾಯಿಯಿಂದ ಹೊರಡುತ್ತಿರಲಿಲ್ಲ, ಕಿವಿಗೊಟ್ಟು ಕೇಳಬೇಕಿತ್ತು. ಮಕ್ಕಳಿಗೆ ಆ ಅಕ್ಷರಗಳನ್ನು ಹೇಳಿಕೊಡಲಾಗದೆ ಶಾಲೆಗೆ ರಜೆ ಹಾಕಿದ್ದಳು. ಮಕ್ಕಳು ಅವಳ ಹಾಗೆಯೇ ಉಚ್ಚರಿಸಲು ಸುರು ಮಾಡಿದ್ದವಂತೆ. "ನಾ ಇನ್ನ ಸಾಲಿಗೆ ಹೋಗತೇನೋ ಇಲ್ಲೋ ಅಷ್ಟ ಹೇಳ್ರಿ," ಎಂದಳು. ಆ ಕ್ಷಣದಿಂದ ನನಗೆ ಅದೊಂದೇ ಪ್ರಶ್ನೆ ಉಳಿಯಿತು.

ಇನ್ನು ಬೆನ್ನು. ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ ಸೆರಗು ಸರಿಸಿದೆವು. ಸೀರೆ ಕಟ್ಟುವ ಜಾಗದಿಂದ ಮೇಲಕ್ಕೆ ಕೆಮ್ಮಣ್ಣು ಮೆತ್ತಿತ್ತು. ನರ್ಸ್ ಒದ್ದೆ ಹತ್ತಿ ಹಿಡಿದು ಸಿದ್ಧಳಾಗಿದ್ದಳು. ದೇಸಾಯಿ ಸರ್ ನಿಯಮವನ್ನು ನಾನು ಹೋದ ಆಸ್ಪತ್ರೆಗಳಲ್ಲೆಲ್ಲ ಬಿತ್ತಿದ್ದೆನಲ್ಲ. ಅವಳ ಕೈ ಬೆನ್ನಿಗೆ ತಾಕುವಷ್ಟರಲ್ಲಿ ನಾನು ತಡೆದೆ. ಆ ಕೆಮ್ಮಣ್ಣಿನಲ್ಲಿ ಏನೋ ಕ್ರಮ ಕಾಣಿಸಿತು. ಒಂದರ ಹೊರಗೆ ಒಂದರಂತೆ ಮೂರು ಗೆರೆಗಳಿದ್ದವು. ಒಳಗಿನದು ಮಾಸಿತ್ತು, ಹೊರಗಿನದು ಇನ್ನೂ ನಿಚ್ಚಳವಿತ್ತು.

ಸರ್ಪಸುತ್ತು ಎದ್ದರೆ ನಮ್ಮ ಕಡೆ ಕುಂಬಾರರ ಮನೆಗೆ ಹೋಗಿ ಕೆಮ್ಮಣ್ಣಿನಿಂದ ಬರೆಸುವ ರೂಢಿಯಿದೆ. ಕೆಂಪಾದ ಜಾಗದ ಸುತ್ತ ಗೆರೆ ಎಳೆದು ಸರ್ಪಕ್ಕೆ ಕಟ್ಟು ಹಾಕುತ್ತಾರೆ. ಹೆಡೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಭಯ. ಮಾಯುವ ತನಕ ಅಲ್ಲಿ ನೀರು ಮುಟ್ಟಿಸುವುದಿಲ್ಲ.

"ಮೂರು ಗೆರಿ ಯಾಕ್ರಿ ನೀಲವ್ವಾರ?"

"ಏನ್ ಹೇಳೂದ್ರಿ ಬಾಯಾರ. ಕುಂಬಾರ ಮಾವ ಛಲೋ ಕಟ್ಟ ಹಾಕಿದ. ನಾಕ ದಿನಕ್ಕ ನೋಡಿದ್ರ ಕೆಂಪು ಗೆರಿ ದಾಟಿತ್ತು. ಮತ್ತ ಹೊರಗ ಬರದ. ಅದನ್ನೂ ದಾಟಿತು. ಮೂರನೇ ಸಲ ಬರಿಯೂಮುಂದ ಅಂವಗೂ ಹೆದರಿಕಿ ಬಂತು. ಇದು ಬ್ಯಾರೇನ ಐತಿ ಯವ್ವಾ, ನನ್ನ ಕೈಲೆ ನಿಂದ್ರವಲ್ದು ಅಂದ. ಪಂಚಮಿ ದಿನ ಒಲಿ ಮ್ಯಾಲ ಹೆಂಚ ಇಡಬಾರದು, ಕುದಿಸಿದ್ದಷ್ಟ ಉಣ್ಣಬೇಕು. ಇಕಿ ತವರಾಗ ಹೆಂಚ ಇಟ್ಟು ರೊಟ್ಟಿ ಬಡದಿರಬೇಕು. ನಾಗಪ್ಪ ಬಿಡ್ತಾನೇನ್ರಿ?"

"ನೀರ ತುಂಬಿದ ಗುಳ್ಳಿ ಎದ್ದಿದ್ವೇನು?"

"ಒಂದೂ ಇಲ್ರಿ. ಬರೇ ಕೆಂಪು. ಬಳಿ ಇಟ್ಟಂಗ ಗುಂಡಗ ಇತ್ತು, ದೊಡ್ಡದಾಗಕೋತ ಹೋತು."

ಸರ್ಪಸುತ್ತಿನಲ್ಲಿ ಗೊಂಚಲು ಗೊಂಚಲಾಗಿ ಗುಳ್ಳೆ ಏಳುತ್ತವೆ, ನರದ ದಾರಿಯಲ್ಲಿ ಪಟ್ಟಿಯಂತೆ ಸಾಗುತ್ತವೆ. ಬಳೆಯಂತೆ ಗುಂಡಗೆ ಎಲ್ಲ ದಿಕ್ಕಿಗೂ ಹರಡುವುದಿಲ್ಲ. ಕಿಟಕಿಯ ಬೆಳಕಿಗೆ ಹೊರಳಿಸಿ ನೋಡಿದರೆ ಮೂರನೆಯ ಗೆರೆಯ ಹೊರಗೂ ತೆಳುಗೆಂಪು ಅಂಚು ಇತ್ತು. ಸರ್ ಮುಚ್ಚಿದ ಪುಟ ಕಣ್ಣ ಮುಂದೆ ಬಂತು.

"ಶೈಲಾ, ನಿನ್ನ ತವರಮನಿ ಎಲ್ಲಿ?"

ಕಿತ್ತೂರಿನಿಂದ ಪಶ್ಚಿಮಕ್ಕೆ, ಕಾಡು ಸುರುವಾಗುವ ಕಡೆ. ಪಂಚಮಿಗೆ ಗೆಳತಿಯರೆಲ್ಲ ಕೂಡಿ ಕಾಡಂಚಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಸರದಿ ಬರುವ ತನಕ ಹುಲ್ಲಿನಲ್ಲಿ ಕುಳಿತು ಹರಟಿದ್ದರು.

"ಅಲ್ಲೆ ಉಣ್ಣಿ ಅದಾವೇನು?"

ಅವಳು ತಲೆಯಾಡಿಸಿದಳು. ದನಕ್ಕೂ ಹತ್ತುತ್ತವೆ, ಜನಕ್ಕೂ ಹತ್ತುತ್ತವೆ, ಕಿತ್ತು ಒಗೆಯುತ್ತಾರೆ, ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದಳು.

ಮುಂದಿನ ಕೆಲಸ ಬೆನ್ನುಹುರಿಯ ನೀರು ತೆಗೆಯುವುದು. ನೀಲವ್ವ ಒಪ್ಪಲಿಲ್ಲ. ಬೆನ್ನಾಗಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂದು ಪಟ್ಟು ಹಿಡಿದಳು. ಕಣ್ಣಿನ ಪರದೆಯಲ್ಲಿ ಬಾವು ಇಲ್ಲ, ಅಂದರೆ ತಲೆಯೊಳಗೆ ಒತ್ತಡ ಏರಿಲ್ಲ ಎಂದು ನೋಡಿಕೊಂಡು ನಾನು ವಾದಕ್ಕೆ ಸಿದ್ಧಳಾಗುವಷ್ಟರಲ್ಲಿ ಶೈಲಜಾ ತಾನೇ ಮಂಡಿ ಮಡಚಿ ಮಗ್ಗುಲಾದಳು. ಬೆನ್ನನ್ನು ನನ್ನ ಕಡೆ ಮಾಡಿ, "ತಗೀರಿ," ಎಂದಳು. ಅತ್ತೆ ಹೊರಗೆ ಹೋಗಿ ತಮ್ಮೂರ ದೇವತೆ ಕಾಳಮ್ಮನಿಗೆ ಹರಕೆ ಹೊತ್ತಳು.

ನೀರಿನಲ್ಲಿ ಬಿಳಿ ಕಣಗಳು ಹೆಚ್ಚಿದ್ದವು, ಬಹುತೇಕ ಲಿಂಫೋಸೈಟ್. ಪ್ರೋಟೀನ್ ಏರಿತ್ತು. ಸಕ್ಕರೆ ಮಾತ್ರ ಸರಿಯಾಗಿತ್ತು. ದೊಡ್ಡ ಊರಿನ ನರರೋಗ ತಜ್ಞರಿಗೆ ಫೋನ್ ಮಾಡಿದೆ. ಒಳ್ಳೆಯ ವೈದ್ಯರು, ನನಗಿಂತ ಹೆಚ್ಚು ಓದಿದವರು.

"ಮೇಡಂ, ನಮ್ಮ ದೇಶದಾಗ ಇಂಥಾ ನೀರು ಕಂಡ್ರ ಟಿಬಿ ಅನ್ರಿ. ಔಷಧ ಸುರು ಮಾಡಿ ಕಳಿಸಿಕೊಡ್ರಿ."

"ಟಿಬಿ ಆಗಿದ್ರ ನೀರಿನಾಗಿನ ಸಕ್ಕರಿ ಇಳೀಬೇಕಿತ್ತು, ಅದು ಸರಿ ಐತಿ. ಮುಖ ಎರಡೂ ಕಡೆ ಹೋಗೇತಿ. ಬೆನ್ನಾಗ ಉರಿಬ್ಯಾನಿ ಐತಿ. ನನಗ ಲೈಮ್ ಅನಸತೈತ್ರಿ."

ಆಚೆ ಕಡೆ ನಗು ಕೇಳಿಸಿತು. "ಲೈಮ್? ನಮ್ಮ ಸವದತ್ತಿ ತಾಲೂಕಿನಾಗ? ಯಾಕ್ರಿ ಮೇಡಂ, ಅಮೆರಿಕಾ ಟೂರ್ ಮಾಡಿ ಬಂದ್ರೇನು?"

ನನಗೆ ಸಿಟ್ಟು ಬಂತು. ಮಾತು ಬೆಳೆಸದೆ ಬೆನ್ನಿನ ಫೋಟೋ ತೆಗೆದು ಮೊಬೈಲಿಗೆ ಕಳಿಸಿದೆ, ಕೆಂಪು ಮೂರು ಸಲ ಗೆರೆ ದಾಟಿದ ಕಥೆಯನ್ನೂ ಬರೆದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು. ನಗು ಇರಲಿಲ್ಲ.

"ಹರಡೋ ಕೆಂಪಿಗೆ ನಾವೂ ಪೆನ್ನಿಲೆ ಹಿಂಗ ಗೆರಿ ಹೊಡೀತೀವಿ. ನಿಮಗ ಯಾರೋ ಮೊದಲ ಹೊಡದು ಕೊಟ್ಟಾರ. ಟಿಬಿ ಪರೀಕ್ಷಾಕ್ಕೂ ಕಳಸ್ರಿ, ಲೈಮ್ ಪರೀಕ್ಷಾಕ್ಕೂ ಕಳಸ್ರಿ. ಅಲ್ಲೀತನಕ ನಿಮ್ಮ ಇಂಜೆಕ್ಷನ್ ನಡೀಲಿ. ರೋಗಿ ಸ್ವಲ್ಪ ಮಂಕಾದ್ರೂ ತಕ್ಷಣ ನನ್ನ ಕಡೆ ಕಳಸ್ರಿ."

ಆ ಇಂಜೆಕ್ಷನ್ ಏನು ಅಪರೂಪದ್ದಲ್ಲ. ಸೆಫ್ಟ್ರಿಯಾಕ್ಸೋನ್, ನಮ್ಮ ಆಸ್ಪತ್ರೆಯ ಕಪಾಟಿನಲ್ಲೇ ಇತ್ತು. ದಿನಕ್ಕೊಂದರಂತೆ ರಕ್ತನಾಳಕ್ಕೆ ಕೊಡತೊಡಗಿದೆವು. ಮುಚ್ಚದ ಕಣ್ಣಿಗೆ ಹನಿ, ಮಲಗುವಾಗ ಮುಲಾಮು, ಪಟ್ಟಿ. ರಕ್ತ ಮತ್ತು ಬೆನ್ನಿನ ನೀರನ್ನು ಐಸ್ ಡಬ್ಬಿಯಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳಿಸಿದೆವು. ಆ ದಿನಗಳಲ್ಲಿ ನಾನು ಮನೆಯಲ್ಲಿ ಯಾರ ಕೂಡವೂ ಸರಿಯಾಗಿ ಮಾತಾಡಲಿಲ್ಲ. ನನ್ನ ಎಣಿಕೆ ತಪ್ಪಿದ್ದರೆ ಅದರ ಬೆಲೆ ತೆರುವವಳು ಶೈಲಜಾ. ಬೆಳಗ್ಗೆ ಎದ್ದ ಕೂಡಲೆ ವಾರ್ಡಿಗೆ ಫೋನ್ ಮಾಡಿ ಅವಳು ಎಚ್ಚರವಾಗಿದ್ದಾಳೆಯೇ, ಮಾತು ಸರಿಯಿದೆಯೇ ಎಂದು ಕೇಳುತ್ತಿದ್ದೆ.

ಒಂದು ಬೆಳಗ್ಗೆ ಫೋನ್ ಎತ್ತಿದವಳು ಸುಮಾ. "ಮೇಡಂ, ಅವರಿನ್ನೂ ಎದ್ದಿಲ್ಲ," ಎಂದಳು. ನಾನು ಫೋನ್ ಹಿಡಿದುಕೊಂಡೇ ಚಪ್ಪಲಿ ಮೆಟ್ಟಿದೆ. "ನಿದ್ದೆ ಮಾಡ್ತಿದಾರೆ ಮೇಡಂ. ಬೆನ್ನುನೋವು ಇಲ್ವಂತೆ. ಅತ್ತೆ ಯಾರನ್ನೂ ಹತ್ರ ಬಿಡ್ತಿಲ್ಲ, ನನ್ನ ಸೊಸಿನ ಎಬ್ಬಿಸಬ್ಯಾಡ್ರಿ ಅಂತ ಬಾಗಿಲಲ್ಲಿ ಕೂತಿದಾರೆ."

ಅದಾದ ಮೇಲೆ ವರದಿಗಳು ಬಂದವು. ಟಿಬಿ ಇರಲಿಲ್ಲ. ಲೈಮ್ ರೋಗಾಣುವಿನ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯ ರಕ್ತದಲ್ಲಿತ್ತು, ಎರಡನೆಯ ಪರೀಕ್ಷೆಯೂ ಅದನ್ನೇ ಹೇಳಿತು. ರಕ್ತದಲ್ಲಿ ಇದ್ದರಷ್ಟೇ ಸಾಲದು, ಹಿಂದೆಂದೋ ಉಣ್ಣಿ ಕಚ್ಚಿದವರಲ್ಲೂ ಇರಬಹುದು. ಆದರೆ ಬೆನ್ನಿನ ನೀರಿನಲ್ಲಿ ರಕ್ತದ ಲೆಕ್ಕಕ್ಕೆ ಮೀರಿ ಇತ್ತು. ಅಂದರೆ ಅದು ನರಮಂಡಲದ ಒಳಗೇ ಹುಟ್ಟಿತ್ತು. ರೋಗ ಅಲ್ಲಿಯೇ ಇತ್ತು. ನಾನು ವರದಿಯನ್ನು ಓದಿ, ಕನ್ನಡಕ ಒರೆಸಿ ಮತ್ತೆ ಓದಿ, ಸಿಬ್ಬಂದಿಗೆಲ್ಲ ಬೆಳಗಾವಿ ಕುಂದಾ ತರಿಸಿ ಬಾಯಿ ಸಿಹಿ ಮಾಡಿದೆ. ಇಲ್ಲಿ ವಿನಯ ತೋರಿಸಲು ನನಗೆ ಮನಸ್ಸಿಲ್ಲ. ನಾನು ಗೆದ್ದಿದ್ದೆ, ನನಗೆ ಬಹಳ ಖುಷಿಯಾಗಿತ್ತು.

ತಜ್ಞರು ಫೋನ್ ಮಾಡಿ, "ಮೇಡಂ, ಅಮೆರಿಕಾ ಟೂರಿನ ಮಾತು ವಾಪಸ್ ತಗೊಂಡೀನಿ," ಎಂದರು. ದೇಸಾಯಿ ಸರ್ ಆಗ ಬಹಳ ವಯಸ್ಸಾಗಿ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದರು. ಅವರಿಗೂ ಸುದ್ದಿ ಮುಟ್ಟಿಸಿದೆ. ಕಿವಿ ಮಂದವಾಗಿದ್ದರೂ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ತೊಳೀಲಿಲ್ಲೇನು?"

"ಇಲ್ರಿ ಸರ್."

"ಛಲೋ ಮಾಡಿದ್ರಿ. ನನ್ನ ನಿಯಮಕ್ಕ ಇನ್ನೊಂದ ಸೇರಸ್ರಿ. ತೊಳಿಯೂಕಿಂತ ಮೊದಲೂ ಒಮ್ಮೆ ನೋಡ್ರಿ."

ಹೊಸಬರೇ, ಇದನ್ನು ಓದಿ ನಾಳೆಯಿಂದ ಸೊಟ್ಟ ಬಾಯಿ ಕಂಡಲ್ಲೆಲ್ಲ ಲೈಮ್ ಹುಡುಕಬೇಡಿ. ಸುಮಾ ಕೆಲವು ತಿಂಗಳು ಹಾಗೆ ಮಾಡಿದಳು. ನೆಗಡಿಯೆಂದು ಬಂದವರನ್ನೂ ಉಣ್ಣಿ ಕಚ್ಚಿತ್ತೇ ಎಂದು ಕೇಳಿದ್ದಕ್ಕೆ, ಜನ ಇವಳು ದನದ ಡಾಕ್ಟರಿರಬೇಕು ಎಂದು ಮಾತಾಡಿಕೊಂಡರು. ನಮ್ಮ ಕಡೆ ಈ ರೋಗ ಅಪರೂಪವೇ. ಮುಖ ಎರಡೂ ಕಡೆ ಸೋತಾಗ, ಸುತ್ತಿ ಬರುವ ಉರಿನೋವು ಜೊತೆಗಿದ್ದಾಗ, ಕಾಡಿನ ಕಡೆ ಓಡಾಡಿ ಬಂದವರಲ್ಲಿ ಗುಂಡಗೆ ಹರಡುವ ಕೆಂಪು ಕಂಡಾಗ ನೆನಪಾದರೆ ಸಾಕು. ಟಿಬಿಯನ್ನು ಮಾತ್ರ ಯಾವತ್ತೂ ಮರೆಯಬೇಡಿ.

ಶೈಲಜಾ ಇಂಜೆಕ್ಷನ್ ಮುಗಿಸಿ ಮನೆಗೆ ಹೋಗುವಾಗ ಮುಖ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ. ನರ ನಿಧಾನಕ್ಕೆ ಚೇತರಿಸುತ್ತದೆ ಎಂದು ಹೇಳಿ ಕಳಿಸಿದ್ದೆ. ಸಂಕ್ರಾಂತಿಯ ಮರುದಿನ ಅತ್ತೆ ಸೊಸೆ ಇಬ್ಬರೂ ಕುಸುರೆಳ್ಳಿನ ಡಬ್ಬಿ ಹಿಡಿದು ಬಂದರು. ಹೊರರೋಗಿಗಳ ಬೆಂಚು ತುಂಬಿತ್ತು. ನಾನು ಬಾಗಿಲಲ್ಲೇ ನಿಲ್ಲಿಸಿ ಹುಬ್ಬು ಎತ್ತಿಸಿದೆ. ವಿಭೂತಿ ಎಡಗಡೆ ಬಿರಿಯಿತು, ಬಲಗಡೆಯೂ ಬಿರಿಯಿತು. ನಾಳೆಯಿಂದ ಶಾಲೆಗೆ ಹೋಗುತ್ತೇನೆ ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, ಎಷ್ಟೋ ದಿನದಿಂದ ತಡೆದಿಟ್ಟುಕೊಂಡಿದ್ದ ಮಾತು ಹೇಳಿದಳು.

"ಅತ್ತಿ, ಪಂಚಮಿ ದಿನ ನಮ್ಮವ್ವ ಹೆಂಚ ಇಟ್ಟಿರಲಿಲ್ಲ. ಕಡಬ ಕುದಿಸಿದ್ಲು."

ಪ, ಬ, ಮ ಮೂರೂ ಸ್ವಚ್ಛವಾಗಿ ಕೇಳಿಸಿದವು. ಹೇಳಿ ನಕ್ಕಳು. ಆ ನಗುವನ್ನು ನಾನು ಮೊದಲ ಸಲ ನೋಡುತ್ತಿದ್ದೆ. ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕೂಡಲೆ ಧ್ವನಿ ಗಟ್ಟಿ ಮಾಡಿಕೊಂಡಳು.

"ಅದಿರ್ಲಿ. ಬಾಯಾರಿಗೆ ಸೀಟಿ ಹೊಡದು ತೋರಸು."

ಶೈಲಜಾ ಸುತ್ತಲಿನ ಜನರನ್ನು ನೋಡಿ ನಾಚಿದಳು. ಆಮೇಲೆ ತುಟಿ ಗುಂಡಗೆ ಮಾಡಿ ಸಣ್ಣಗೆ ಒಂದು ಸೀಟಿ ಹೊಡೆದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ಇಷ್ಟ ಸಣ್ಣ ಯಾಕ ಹೊಡಿತಿ?" ಎಂದಳು ನೀಲವ್ವ, ಸೊಸೆಯ ಬೆನ್ನ ಮೇಲೆ ಕೈಯಿಟ್ಟು. "ಗಟ್ಟಿ ಹೊಡಿಯವ್ವಾ. ನಾಕ ಮಂದಿಗೆ ಕೇಳ್ಲಿ."